ಅಲ್ಬೇನಿಯಾದ ಸೂಪರ್ ಕಪ್ಪನ್ನು ನಾನು ಯಾಕೆ ನೋಡುತ್ತೇನೆ?

"ಒಂದೇ ಒಂದು ಪಂದ್ಯ. ಗೆದ್ದರೆ ಲೀಗಿನಲ್ಲಿ ಒಂದು ಪಾಯಿಂಟೂ ಸಿಗಲ್ಲ. ಅದರಲ್ಲೇನಿದೆ ಅಂತ ನೋಡ್ತೀರಿ?" ಫುಟ್‌ಬಾಲ್ ಹುಚ್ಚಿರುವ ಗೆಳೆಯರೂ ನನ್ನನ್ನು ಹೀಗೆ ಕೇಳುತ್ತಾರೆ. ಮಾತು ಅಲ್ಬೇನಿಯಾದ ಸೂಪರ್ ಕಪ್‌ನದು. 1989ರಲ್ಲಿ ಶುರುವಾಗಿದ್ದು. ಒಂದು ಕಡೆ ಲೀಗ್ ಚಾಂಪಿಯನ್, ಇನ್ನೊಂದು ಕಡೆ ದೇಶದ ಕಪ್, ಅಂದರೆ ಸೋತವರು ಹೊರಬೀಳುವ ಟೂರ್ನಿ, ಗೆದ್ದ ತಂಡ. ಸಾಮಾನ್ಯವಾಗಿ ಇದರಿಂದಲೇ ಹೊಸ ಸೀಸನ್ ಶುರು. ಕೆಲವು ಸಲ ಪಂದ್ಯ ತಡವಾಗಿದ್ದೂ ಉಂಟು.

ಕೇಳಿದವರಿಗೆಲ್ಲ ನಾನು 2017ರ ಕತೆ ಹೇಳುತ್ತೇನೆ.

ರಾಜಧಾನಿಯ ತಂಡ ಕೆಎಫ್ ಟಿರಾನಾ. ಹುಟ್ಟಿದ್ದು 1920ರಲ್ಲಿ. ಬಿಳಿ-ನೀಲಿ ಅಂಗಿ. ಅಷ್ಟು ಹೊತ್ತಿಗೆ 24 ಸಲ ಲೀಗ್ ಗೆದ್ದಿತ್ತು, ದೇಶದಲ್ಲಿ ಅದಕ್ಕಿಂತ ಜಾಸ್ತಿ ಗೆದ್ದವರೇ ಇಲ್ಲ. ಇಂಥ ತಂಡ 2016-17ರಲ್ಲಿ ಎರಡನೇ ದರ್ಜೆಗೆ ಇಳಿದುಹೋಯಿತು. ಅದರ ಇತಿಹಾಸದಲ್ಲೇ ಮೊದಲ ಸಲ. ವಿಚಿತ್ರ ನೋಡಿ, ಅದೇ ಸೀಸನ್ನಿನ ಕಪ್ ಫೈನಲ್‌ನಲ್ಲಿ ಅದು ಸ್ಕೆಂದರ್ಬೆ ತಂಡವನ್ನು ಹೆಚ್ಚುವರಿ ಸಮಯದಲ್ಲಿ 3-1ರಿಂದ ಸೋಲಿಸಿತು. 36 ಪಂದ್ಯಗಳ ಲೀಗಿನಲ್ಲಿ ಸೋತು ಸುಣ್ಣವಾದವರ ಕೈಯಲ್ಲಿ ದೇಶದ ಕಪ್!

ಹಾಗಾಗಿ ಸೂಪರ್ ಕಪ್ಪಿಗೆ ಬಂದಿದ್ದು ಎರಡನೇ ದರ್ಜೆಯ ಟಿರಾನಾ. ಎದುರಿಗೆ ಅದೇ ವರ್ಷ ಮೊದಲ ಬಾರಿ ಲೀಗ್ ಗೆದ್ದಿದ್ದ ಕುಕಸಿ. ಅವರ ಊರು ಕುಕಸ್, ಈಶಾನ್ಯದ ಗುಡ್ಡಗಾಡಿನಲ್ಲಿ, ಕೊಸೊವೊ ಗಡಿಯ ಹತ್ತಿರ. ಹಳೇ ಊರು 1970ರ ದಶಕದಲ್ಲಿ ಅಣೆಕಟ್ಟಿನ ನೀರಲ್ಲಿ ಮುಳುಗಿತು. ಮುಳುಗಡೆಯ ನೋವು ಏನು ಅಂತ ಶರಾವತಿ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ, ಅಲ್ವಾ? 1999ರ ಯುದ್ಧದಲ್ಲಿ ಕೊಸೊವೊದಿಂದ ಓಡಿಬಂದ ಲಕ್ಷಾಂತರ ಜನರಿಗೆ ಹೊಸ ಕುಕಸ್ ಬಾಗಿಲು ತೆರೆಯಿತು. ಅಂಥ ಊರಿನ ತಂಡ ಚಾಂಪಿಯನ್ ಆಗಿದ್ದು ನನಗೆ ಇವತ್ತಿಗೂ ಖುಷಿ ಕೊಡುವ ವಿಷಯ.

ಆದರೂ ಆ ದಿನ ಗೆದ್ದಿದ್ದು ಟಿರಾನಾ. ಚಾಂಪಿಯನ್ನರನ್ನು ಸೋಲಿಸಿದ್ದು ಎರಡನೇ ದರ್ಜೆಯ ತಂಡ!

ಲೀಗ್ ಪರೀಕ್ಷಿಸುವುದು ವರ್ಷವಿಡೀ ತಾಳುವ ಶಕ್ತಿಯನ್ನು. ಕಪ್ಪಿಗೆ ಬೇಕಾದ್ದು ಆ ಹೊತ್ತಿನ ಧೈರ್ಯ. ಆ ಎರಡು ಬಗೆಯ ಗೆಲುವು ಮುಖಾಮುಖಿ ಆಗುವುದು ಈ ಒಂದು ಪಂದ್ಯದಲ್ಲಿ ಮಾತ್ರ. ಅದಕ್ಕೇ ನಾನು ಇದನ್ನು ಸುಮ್ನೆ ಅಭ್ಯಾಸ ಪಂದ್ಯ ಅಂತ ಒಪ್ಪುವುದಿಲ್ಲ.

ಟಿರಾನಾ 2018ರಲ್ಲಿ ಮೇಲಿನ ದರ್ಜೆಗೆ ವಾಪಸ್ ಬಂತು. 2020ರಲ್ಲಿ, ನೂರು ತುಂಬಿದ ವರ್ಷದಲ್ಲೇ, ಮತ್ತೆ ಚಾಂಪಿಯನ್ ಆಯಿತು. ಆ ಸಲದ ಸೂಪರ್ ಕಪ್‌ನಲ್ಲಿ ಅದಕ್ಕೆ ಎದುರಾಗಿದ್ದು ಬಂದರು ಪಟ್ಟಣ ಡುರಸ್‌ನ ಟೆಯುಟಾ, ಕಪ್ ಗೆದ್ದು ಬಂದವರು. ಗೆದ್ದಿದ್ದು ಟೆಯುಟಾ.