ಬೀಥೋವನ್‌ನ ಐದನೇ ಸಿಂಫನಿ: ಹನ್ನೊಂದು ಸಿಡಿ ಯಾಕೆ?

ಮನೆಗೆ ಬಂದವರು ನನ್ನ ಶೆಲ್ಫ್ ನೋಡಿ ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. “ಇದೇನ್ರೀ, ಬೀಥೋವನ್‌ನ ಐದನೇ ಸಿಂಫನಿಯೇ ಹನ್ನೊಂದು ಸಿಡಿ ಇದೆ? ಸ್ವರ ಎಲ್ಲ ಬರೆದಿಟ್ಟಿದ್ದಾರಲ್ಲ, ಯಾರು ನುಡಿಸಿದರೂ ಅದೇ ಅಲ್ವಾ?” ಅದರ ಬೆನ್ನಿಗೇ ಇನ್ನೊಂದು: “ಹೋಗಲಿ, ಯಾವುದು ಚೆನ್ನಾಗಿದೆ ಹೇಳಿ, ಅದೊಂದನ್ನೇ ಕೇಳ್ತೀನಿ.” ಮೂರನೆಯದೂ ಒಂದಿದೆ. “ಎಲ್ಲ ಫೋನಲ್ಲೇ ಸಿಗತ್ತಲ್ಲ, ಸಿಡಿ ಯಾಕೆ?” ಅದಕ್ಕೆ ಕೊನೆಗೆ ಬರುತ್ತೇನೆ.

ಎರಡನೆಯದಕ್ಕೆ ಉತ್ತರ ಸುಲಭ. ಕಾರ್ಲೋಸ್ ಕ್ಲೈಬರ್ ನಡೆಸಿ, ವಿಯೆನ್ನಾ ಫಿಲ್ಹಾರ್ಮೋನಿಕ್ ವಾದ್ಯವೃಂದ ನುಡಿಸಿದ 1974ರ ರೆಕಾರ್ಡಿಂಗ್. ಅವಸರ ಇರುವವರು ಇಲ್ಲಿಗೇ ಎದ್ದು ಹೋಗಬಹುದು.

ಮೊದಲನೆಯದು ಹಾಗಲ್ಲ. ಕಛೇರಿ ಕೇಳಿ ಬೆಳೆದ ನಮಗೆ ಆ ಅನುಮಾನ ಬರುವುದು ಸಹಜ. ಇಬ್ಬರು ಒಂದೇ ಕೃತಿ ಹಾಡಿದರೂ ಹಾಡುತ್ತಲೇ ಕಟ್ಟುವ ನೆರವಲ್, ಸ್ವರಪ್ರಸ್ತಾರ ಅವರವರದೇ. ದೊಡ್ಡ ವಾದ್ಯವೃಂದಕ್ಕೆಂದು ಬರೆದಿಟ್ಟ ಸಿಂಫನಿಯಲ್ಲಿ ಅದಕ್ಕೆಲ್ಲ ಜಾಗವಿಲ್ಲ. ಹಾಗಾಗಿ ನಾನು ಗಮಕವಾಚನದ ಉದಾಹರಣೆ ಕೊಡುತ್ತೇನೆ. ಕುಮಾರವ್ಯಾಸನ ಪದ್ಯದಲ್ಲಿ ಗಮಕಿ ಒಂದಕ್ಷರ ಬದಲಿಸುವ ಹಾಗಿಲ್ಲ. ಆದರೂ ಎಲ್ಲಿ ನಿಂತರು, ಎಲ್ಲಿ ಓಡಿಸಿದರು, ಯಾವ ಮಾತನ್ನು ತಡೆದು ಹೇಳಿದರು ಅನ್ನುವುದರಲ್ಲೇ ಒಬ್ಬರ ಭೀಮ ಇನ್ನೊಬ್ಬರ ಭೀಮನಂತೆ ಇರುವುದಿಲ್ಲ.

ಈ ಸಿಂಫನಿಯ ಶುರುವನ್ನೇ ನೋಡಿ. ಆ ನಾಲ್ಕು ಪೆಟ್ಟು ಕೇಳದವರಿಲ್ಲ. ‘ಸಿ’ಯನ್ನು ಷಡ್ಜ ಅಂದುಕೊಂಡರೆ ಅದು ಪ ಪ ಪ ಗಾ, ಮ ಮ ಮ ರೀ. ಅಷ್ಟೇ. ಆದರೆ ಬರಹದಲ್ಲಿ ಮೊದಲು ಇರುವುದು ಸ್ವರವಲ್ಲ, ಅರ್ಧ ಎಣಿಕೆಯ ಮೌನ. ವಾದ್ಯವೃಂದ ನಡೆಸುವ ಕಂಡಕ್ಟರ್ ಮೌನಕ್ಕೆ ಕೈ ಬೀಸಬೇಕು, ಹತ್ತಾರು ಜನ ಅದನ್ನು ಹಿಡಿದು ಒಟ್ಟಿಗೆ ಪಂಚಮಕ್ಕೆ ಬೀಳಬೇಕು. ಆಮೇಲೆ ಗಾಂಧಾರದ ಮೇಲೆ ಒಂದು ಕಮಾನು, ಅದರಡಿ ಒಂದು ಚುಕ್ಕಿ. ‘ಇಲ್ಲಿ ನಿಲ್ಲು’ ಎಂದು ಅದರ ಅರ್ಥ. ಎಷ್ಟು ಹೊತ್ತು? ಅದನ್ನು ಬರೆದಿಲ್ಲ. ರಿಷಭದ ಮೇಲೂ ಅದೇ ಗುರುತು. ಆದರೆ ಅಲ್ಲಿ ಸ್ವರವೇ ಒಂದು ಆವರ್ತ ಜಾಸ್ತಿ ಉದ್ದ. ಅಂದರೆ ಎರಡನೇ ಸಲ ಇನ್ನೂ ಹೆಚ್ಚು ಹೊತ್ತು ನಿಲ್ಲಬೇಕು. ಇದನ್ನು ಲೆಕ್ಕಕ್ಕೇ ಇಡದೆ ಎರಡನ್ನೂ ಒಂದೇ ಅಳತೆಗೆ ಕತ್ತರಿಸುವವರೂ ಇದ್ದಾರೆ. ನಾನು ಹೊಸ ರೆಕಾರ್ಡಿಂಗ್ ಹಾಕಿದಾಗ ಮೊದಲು ಗಮನಿಸುವುದು ಇದನ್ನೇ.

ಕ್ಲೈಬರ್ ಹೆಚ್ಚು ಹೊತ್ತು ನಿಲ್ಲಿಸುವುದಿಲ್ಲ. ಮೊದಲ ಭಾಗ ಏಳು ನಿಮಿಷ ಚಿಲ್ಲರೆಯಲ್ಲಿ ಮುಗಿಯುತ್ತದೆ. ಇದಕ್ಕಿಂತ ಜೋರಾಗಿ ಓಡಿಸಿದವರು ಇದ್ದಾರೆ, ಆದರೆ ಇಷ್ಟು ಬಿಗಿ ಇಲ್ಲ. ಆರಂಭದ ಪೆಟ್ಟು ಮುಗಿದ ಕೂಡಲೇ ಆ ನಾಲ್ಕು ಸ್ವರ ಎರಡನೇ ಸಾಲಿನ ಪಿಟೀಲಿನಿಂದ ಅದಕ್ಕಿಂತ ಸ್ವಲ್ಪ ದೊಡ್ಡದಾದ ವಿಯೋಲಾಗೆ, ಅಲ್ಲಿಂದ ಮೊದಲ ಸಾಲಿನ ಪಿಟೀಲಿಗೆ ಹಾರುತ್ತವೆ. ಬೇರೆಯವರಲ್ಲಿ ಅದು ಒಂದೇ ಉದ್ದನೆಯ ರಾಗದ ಹಾಗೆ ಕೇಳಿಸುವುದುಂಟು. ಇಲ್ಲಿ ಮೂರು ಕೈ ಬದಲಾದದ್ದು ಗೊತ್ತಾಗುತ್ತದೆ, ಆದರೂ ನಡುವೆ ಕೂದಲೆಳೆಯಷ್ಟೂ ಸಂದಿಲ್ಲ. ಕಾರ್ಲೋಸ್‌ನ ಅಪ್ಪ ಎರಿಕ್ ಕ್ಲೈಬರ್ ಕೂಡ ದೊಡ್ಡ ಕಂಡಕ್ಟರ್. ಅವರೂ 1953ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಕಾನ್ಸರ್ಟ್‌ಗೆಬೌ ವಾದ್ಯವೃಂದದ ಜೊತೆ ಇದೇ ಸಿಂಫನಿ ರೆಕಾರ್ಡ್ ಮಾಡಿದ್ದರು. ಅದೂ ನನ್ನ ಹತ್ತಿರ ಇದೆ. ಅಪ್ಪನದು ಕೇಳಿ ಮಗನದು ಹಾಕಿದರೆ ಒಂದೇ ಮನೆಯ ಅಡುಗೆ ಅಂತ ಗೊತ್ತಾಗುತ್ತದೆ. ಒಗ್ಗರಣೆ ಮಾತ್ರ ಮಗನದು ಜೋರು.

ಇದಕ್ಕೆ ತದ್ವಿರುದ್ಧ ಜರ್ಮನ್ ಕಂಡಕ್ಟರ್ ಫುರ್ಟ್‌ವೆಂಗ್ಲರ್. ನಾಜಿಗಳ ಕಾಲದಲ್ಲಿ ಜರ್ಮನಿ ಬಿಟ್ಟು ಹೋಗಲಿಲ್ಲ ಎಂಬ ಆರೋಪ ಅವರ ಮೇಲಿತ್ತು. ಯುದ್ಧ ಮುಗಿದ ಮೇಲೆ ವಿಚಾರಣೆ ಮುಗಿಯುವವರೆಗೂ ಅವರು ವೇದಿಕೆ ಹತ್ತುವಂತಿರಲಿಲ್ಲ. 1947ರ ಮೇ 25ರಂದು ಬರ್ಲಿನ್ ಫಿಲ್ಹಾರ್ಮೋನಿಕ್ ಮುಂದೆ ಮತ್ತೆ ನಿಂತರು. ಹಳೆಯ ಸಭಾಂಗಣ ಬಾಂಬಿಗೆ ಹೋಗಿತ್ತು, ಕಛೇರಿ ನಡೆದದ್ದು ಟಿಟಾನಿಯಾ ಪಲಾಸ್ಟ್ ಎಂಬ ಸಿನಿಮಾ ಮಂದಿರದಲ್ಲಿ. ಆ ವಾರದ ಧ್ವನಿಮುದ್ರಣ ಉಳಿದಿದೆ. ಅವರ ಕೈಬೀಸು ನೋಡಿ ಎಲ್ಲಿ ಶುರು ಮಾಡಬೇಕೆಂದು ತಿಳಿಯುವುದೇ ಕಷ್ಟ ಎಂಬ ಮಾತು ಪ್ರಸಿದ್ಧ. ಅವರ ಪಂಚಮ ಚೂಪಾಗಿ ಬೀಳುವುದಿಲ್ಲ, ಒರಟಾಗಿ ಕುಸಿಯುತ್ತದೆ. ಆಮೇಲೆ ಆ ರಿಷಭದ ಮೇಲೆ ನಿಲ್ಲುತ್ತಾರೆ ನೋಡಿ, ಮುಂದೆ ಹೋಗುವ ಮನಸ್ಸೇ ಇಲ್ಲವೇನೋ ಅನ್ನಿಸುತ್ತದೆ. ಸದ್ದಿನ ಗುಣಮಟ್ಟ ಸುಮಾರು. ದಿನಾ ಕೇಳುವಂಥದ್ದಲ್ಲ. ವರ್ಷಕ್ಕೊಮ್ಮೆ ಕೇಳುತ್ತೇನೆ, ಆಮೇಲೆ ಸ್ವಲ್ಪ ಹೊತ್ತು ಬೇರೇನೂ ಹಾಕುವುದಿಲ್ಲ.

ನಮ್ಮಮ್ಮನ ಮೆಚ್ಚಿನದು ಓಟೊ ಕ್ಲೆಂಪರರ್, ಲಂಡನ್ನಿನ ಫಿಲ್ಹಾರ್ಮೋನಿಯಾ, 1955. “ಇದು ನಿಧಾನ ಕಣೋ, ಒಳಗೆ ಏನೇನಿದೆ ಎಲ್ಲ ಕೇಳ್ಸತ್ತೆ” ಅಂತ ಅಡುಗೆಮನೆಯಿಂದಲೇ ತೀರ್ಪು. ತಪ್ಪೇನಿಲ್ಲ. ಬೀಥೋವನ್ 1817ರಲ್ಲಿ ಸೂಚಿಸಿದ ವೇಗ ನಿಮಿಷಕ್ಕೆ 108 ಆವರ್ತ. ಕ್ಲೆಂಪರರ್ ಅದರ ಹತ್ತಿರವೂ ಸುಳಿಯುವುದಿಲ್ಲ. ಬದಲಿಗೆ ಕೊಳಲು, ಓಬೋ, ಬಸೂನ್‌ನಂಥ ಊದುವ ವಾದ್ಯಗಳೆಲ್ಲ ಮುಂದೆ ಬಂದು ಕೂರುತ್ತವೆ. ಮೊದಲ ಭಾಗದ ನಡುವೆ ಇಡೀ ವಾದ್ಯವೃಂದ ನಿಂತು, ಓಬೋ ಒಂಟಿಯಾಗಿ ಒಂದು ಪುಟ್ಟ ಸಾಲು ನುಡಿಸುವ ಜಾಗವಿದೆ. ಅದಕ್ಕೆ ಇವರು ಕೊಡುವಷ್ಟು ಪುರುಸೊತ್ತು ಬೇರೆ ಯಾರೂ ಕೊಡುವುದಿಲ್ಲ.

ಈ ಸಿಡಿ ತೋರಿಸಿದಾಗ ಮೈಸೂರಿನವರಿಗೆ ಒಂದು ಮಾತು ಹೇಳದೆ ಬಿಡುವುದಿಲ್ಲ. ಫಿಲ್ಹಾರ್ಮೋನಿಯಾ ಹುಟ್ಟಿದ್ದು 1945ರಲ್ಲಿ, ಕಟ್ಟಿದವರು ವಾಲ್ಟರ್ ಲೆಗ್. 1940ರ ದಶಕದ ಕೊನೆಯಲ್ಲಿ ಅವರ ಕೈ ಹಿಡಿದವರು ನಮ್ಮ ಜಯಚಾಮರಾಜ ಒಡೆಯರ್. ಶ್ರೀವಿದ್ಯಾ ಅಂಕಿತದಲ್ಲಿ ಕೃತಿ ರಚಿಸಿದ ಅದೇ ಮಹಾರಾಜರು. ರಷ್ಯಾದ ಮೆಡ್ನರ್ ಎಂಬ ಸಂಗೀತಗಾರನ ಕೃತಿಗಳ ಧ್ವನಿಮುದ್ರಣಕ್ಕೂ ದುಡ್ಡು ಕೊಟ್ಟರು. ಆತ ತನ್ನ ಮೂರನೇ ಪಿಯಾನೋ ಕನ್ಚೆರ್ಟೋವನ್ನು ಅವರಿಗೇ ಅರ್ಪಿಸಿದ. ಕ್ಲೆಂಪರರ್ ಈ ಐದನೆಯದನ್ನು ಮುದ್ರಿಸುವ ಹೊತ್ತಿಗೆ ಮೈಸೂರಿನ ನೆರವು ನಿಂತಿತ್ತು. ಆದರೂ ಆ ವಾದ್ಯವೃಂದ ಎಳವೆಯಲ್ಲಿ ಉಂಡದ್ದು ನಮ್ಮೂರ ಅನ್ನವನ್ನೂ ಹೌದು ಅಂತ ನನಗೊಂದು ಸಣ್ಣ ಜಂಬ.

ಉಳಿದವುಗಳಲ್ಲಿ ಎರಡರ ಬಗ್ಗೆ ಮಾತ್ರ ಹೇಳುತ್ತೇನೆ. ಜಾನ್ ಎಲಿಯಟ್ ಗಾರ್ಡಿನರ್ 1994ರಲ್ಲಿ ತಂದದ್ದು ಬೀಥೋವನ್ ಕಾಲದ ಮಾದರಿಯ ವಾದ್ಯಗಳಲ್ಲಿ. ಕರುಳಿನ ತಂತಿ, ಕೀಲಿಗಳಿಲ್ಲದ ಕೊಂಬು, ಗಟ್ಟಿ ಕೋಲಿನ ನಗಾರಿ. ಆ 108ರ ವೇಗ ಹುಚ್ಚಲ್ಲ ಅಂತ ನನಗೆ ಒಪ್ಪಿಗೆಯಾದದ್ದು ಇದನ್ನು ಕೇಳಿಯೇ. ಇನ್ನೊಂದು ಆರ್ಥರ್ ನಿಕಿಶ್, 1913. ಆಗ ಮೈಕ್ ಇರಲಿಲ್ಲ. ವಾದಕರೆಲ್ಲ ಒಂದು ದೊಡ್ಡ ತುತ್ತೂರಿಯ ಬಾಯಿಗೆ ಒತ್ತಿಕೊಂಡು ನುಡಿಸಬೇಕಿತ್ತು. ಸುಮ್ನೆ ಕುತೂಹಲಕ್ಕೆ ಕೇಳಿ, ಸಾಕು.

ಈಗ ಮೂರನೇ ಪ್ರಶ್ನೆ. ಈ ಸಿಂಫನಿಯ ಮೂರನೇ ಭಾಗ ಮುಗಿಯುವುದೇ ಇಲ್ಲ, ನಿಲ್ಲದೆ ನಾಲ್ಕನೆಯದರೊಳಗೆ ಹೋಗುತ್ತದೆ. ತಂತಿವಾದ್ಯಗಳು ಸ್ವರ ಹಿಡಿದು ಕೂರುತ್ತವೆ. ನಗಾರಿ ಕೇಳಿಸಿಯೂ ಕೇಳಿಸದ ಹಾಗೆ ತಟ್ಟುತ್ತಿರುತ್ತದೆ. ಪಿಟೀಲು ಮೆಲ್ಲಗೆ ಮೇಲೆ ಹತ್ತುತ್ತದೆ. ಅಲ್ಲಿಯವರೆಗೆ ಕೈಕಟ್ಟಿ ಕೂತಿದ್ದ, ಟ್ರಾಂಬೋನ್ ಎಂಬ ಹಿತ್ತಾಳೆ ತುತ್ತೂರಿಯ ಮೂವರು ವಾದ್ಯ ಎತ್ತಿಕೊಳ್ಳುತ್ತಾರೆ. ಒಮ್ಮೆಲೇ ಸಾ, ಗಾ, ಪಾ. ಶುರುವಿನ ಆ ಸಾಧಾರಣ ಗಾಂಧಾರ ಈಗ ಅಂತರ ಗಾಂಧಾರವಾಗಿದೆ.

ಇದನ್ನೆಲ್ಲ ವಿವರಿಸಿ ಗೆಳೆಯನೊಬ್ಬನನ್ನು ಕಾರಲ್ಲಿ ಕೂರಿಸಿಕೊಂಡು ಫೋನಿಂದ ಕ್ಲೈಬರ್ ಹಾಕಿದೆ. ಬಿಟ್ಟಿ ಆ್ಯಪ್. ನಗಾರಿ ಬಂತು. “ಈಗ ಕೇಳು” ಎಂದೆ. ಪಿಟೀಲು ಹತ್ತಿತು. ಅವನು ಉಸಿರು ಬಿಗಿಹಿಡಿದಿದ್ದ. ಮೂರನೇ ಟ್ರ್ಯಾಕ್ ಮುಗಿಯಿತು. ಟ್ರಾಂಬೋನ್ ಬರಬೇಕಾದ ಜಾಗದಲ್ಲಿ ಒಬ್ಬಾಕೆ ಖುಷಿಯಾಗಿ ಕೇಳಿದಳು: “ಚಿನ್ನದ ಮೇಲೆ ಸಾಲ ಬೇಕಾ?”