ಹಸಿ ಕಸ ಬೇರೆ, ಒಣ ಕಸ ಬೇರೆ

ಹಾಸನದ ನಮ್ಮ ಬೀದಿಗೆ ಕಸದ ಗಾಡಿ ಬೆಳಿಗ್ಗೆಯೇ ಬರುತ್ತದೆ. ಹಸಿ, ಒಣ ಕಸ ಬೇರೆ ಮಾಡಿ ಕೊಡಬೇಕು ಅನ್ನೋದು 2016ರ ಘನತ್ಯಾಜ್ಯ ನಿಯಮದಲ್ಲೇ ಬಂದಿದೆ. ಡೈಪರ್, ಪ್ಯಾಡ್‌ಗಳನ್ನು ಸುತ್ತಿ ಕೊಡಬೇಕು ಅಂತಲೂ ಇದೆ. ನನಗೆ ಇದೇ ಮುಖ್ಯ. ಸುಮ್ನೆ ಎಸೆದರೆ ಕೈ ಹಾಕಿ ಆರಿಸುವವರು ಪೌರಕಾರ್ಮಿಕರು, ಅಲ್ವಾ?

ಹಸಿ ಕಸ ದೊಡ್ಡ ರಾಶಿಯಡಿ ಗಾಳಿಯಿಲ್ಲದೆ ಕೊಳೆತರೆ ಮೀಥೇನ್ ಹುಟ್ಟುತ್ತದೆ. ಗಾಳಿಯಾಡಿದರೆ ಅದೇ ಗೊಬ್ಬರ. ಆಲೂಗಡ್ಡೆ ಸಿಪ್ಪೆ, ಕೊತ್ತಂಬರಿ ಬೇರು, ಕಾಫಿ ಚರಟ ಎಲ್ಲವನ್ನೂ ತೂತು ಮಾಡಿದ ಹಳೇ ಬಕೆಟ್ಟಿಗೆ ಹಾಕಿ, ಮೇಲೆ ಒಣ ಎಲೆ ಉದುರಿಸುತ್ತೇನೆ. ವಾಸನೆ ಬಂತು ಅಂದರೆ ನೀರಿನಂಶ ಜಾಸ್ತಿ. ಇನ್ನೊಂದು ಹಿಡಿ ಎಲೆ ಹಾಕಿ ಕೆದಕಿದರೆ ಸರಿಹೋಗುತ್ತದೆ.

ಪ್ಲಾಸ್ಟಿಕ್ ಕವರ್‌ಗೆ ರಾಜ್ಯದಲ್ಲಿ 2016ರಿಂದಲೇ ನಿಷೇಧವಿದೆ. ನಗರಾಡಳಿತ ದಂಡ ಹಾಕಲಿ, ಜೊತೆಗೆ ತರಕಾರಿ ಅಂಗಡಿಗಳ ಪಕ್ಕದಲ್ಲೇ ಬಟ್ಟೆ ಚೀಲ ಅಗ್ಗಕ್ಕೆ ಸಿಗುವ ಹಾಗೆ ಮಾಡಲಿ.