ಬೀದರ್ ಕೋಟೆಯೊಳಗಿನ ರಂಗೀನ್ ಮಹಲ್

ಬೀದರ್ ಕೋಟೆಗೆ ಬಂದವರು ತೋಪು, ಕಂದಕ, ಹದಿನಾರು ಕಂಬದ ಮಸೀದಿ ನೋಡಿಕೊಂಡು ಹೋಗಿಬಿಡುತ್ತಾರೆ. ರಂಗೀನ್ ಮಹಲ್ ಗುಂಬದ್ ದರ್ವಾಜಾದ ಹತ್ತಿರವೇ ಇದೆ. ಆದರೆ ಬೀಗ ಹಾಕಿರುತ್ತಾರೆ, ಕೇಳಿ ತೆಗೆಸಬೇಕು. ಕಾವಲುಗಾರರು ಬೀಗ ತೆಗೆಯುತ್ತಾ, "ಒಳಗ ಕತ್ತಲಿ ಅದ ರೀ, ಮೊಬೈಲ್ ಲೈಟ್ ಹಚ್ಕೋರಿ" ಅಂದರು.

ಹೊರಗಿನಿಂದ ಸಾದಾ ಗೋಡೆ. ಒಳಗೆ ಮೊದಲು ಕೆತ್ತಿದ ಮರದ ಕಂಬಗಳ ಹಜಾರ. ಅದರಾಚೆಗಿನ ಬಾಗಿಲಿಗೆ ಬೆಳಕು ಹಿಡಿದರೆ, ಕರಿಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪು ಗುಲಾಬಿ, ಹಸಿರು ಅಂತ ಬಣ್ಣ ಬದಲಿಸುತ್ತದೆ. ಬಳ್ಳಿಗಳ ನಡುವೆ ಪಾರಸಿ ಪದ್ಯಗಳೂ ಇವೆ. ಗಟ್ಟಿ ಕಲ್ಲಿನಲ್ಲಿ ಅಷ್ಟು ಸಣ್ಣ ಗೆರೆ ತೋಡಿ ಚಿಪ್ಪು ಕೂರಿಸಿದ ಕೈಯನ್ನು ಏನೆನ್ನಬೇಕೋ! ಕರಿ ಲೋಹದಲ್ಲಿ ಬೆಳ್ಳಿ ಕೂರಿಸುವ ಬಿದ್ರಿ ಕೆಲಸದ ಊರಲ್ವಾ ಇದು.

ಈಗ ಕಾಣುವ ಈ ಸೊಗಸು ಬಹುಪಾಲು ಅಲಿ ಬರೀದನ ಕಾಲದ್ದು, ಅಂದರೆ 1542ರಿಂದ 1580ರ ನಡುವಿನದು. ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದವರು ಬಹಮನಿಗಳು. ಬರೀದರು ಅವರ ಮಂತ್ರಿಗಳು. ಕಾಸಿಂ ಬರೀದ್, ಆಮೇಲೆ ಅವನ ಮಗ ಅಮೀರ್ ಬರೀದ್ ಸುಲ್ತಾನರನ್ನು ಹೆಸರಿಗಷ್ಟೇ ಗದ್ದುಗೆಯಲ್ಲಿ ಕೂರಿಸಿ ತಾವೇ ಆಳಿದರು. ಕೊನೆಯ ಸುಲ್ತಾನ ಕಲೀಮುಲ್ಲಾ ಊರು ಬಿಟ್ಟು ಓಡಿಹೋದ. ಅಮೀರನ ಮಗ ಅಲಿ ಮಾತ್ರ ಧೈರ್ಯವಾಗಿ 'ಶಾಹ್' ಅಂತ ಕರೆಸಿಕೊಂಡ. 1565ರಲ್ಲಿ ವಿಜಯನಗರದ ಮೇಲೆ ಹೋದ ಸುಲ್ತಾನರ ಕೂಟದಲ್ಲಿ ಅವನೂ ಇದ್ದ.

ಆದರೆ ಅಷ್ಟೊತ್ತಿಗೆ ರಾಜ್ಯ ಚಿಕ್ಕದಾಗಿತ್ತು. ಪಕ್ಕದ ಬಹಮನಿ ಅರಮನೆಗಳ ದೊಡ್ಡ ಗೋಡೆ ನೋಡಿ ಇಲ್ಲಿಗೆ ಬಂದರೆ ಕೋಣೆಗಳು ಇಕ್ಕಟ್ಟು ಅನಿಸುತ್ತವೆ. ದೊಡ್ಡದಾಗಿ ಕಟ್ಟಲು ಆಗದವನು ಇದ್ದ ಜಾಗಕ್ಕೇ ದುಡ್ಡು ಸುರಿದಿದ್ದಾನೆ ಅಂತ ನನ್ನ ಲೆಕ್ಕ. ನನಗಂತೂ ಆ ದೊಡ್ಡ ಗೋಡೆಗಳಿಗಿಂತ ಇದೇ ಜಾಸ್ತಿ ಇಷ್ಟವಾಯಿತು.

ಮುಂದಿನವರ ಕಥೆ ಬೇಗ ಮುಗಿಯುತ್ತದೆ. 1619ರಲ್ಲಿ ಬಿಜಾಪುರದವರು, 1657ರಲ್ಲಿ ಔರಂಗಜೇಬ, ಆಮೇಲೆ ಹೈದರಾಬಾದ್ ನಿಜಾಮರು.

ಅಲಿ ಬರೀದ್ ತನ್ನ ಗೋರಿಯನ್ನೂ ಬದುಕಿದ್ದಾಗಲೇ, 1577ರಲ್ಲಿ, ಊರ ಪಡುವಲಿಗೆ ಕಟ್ಟಿಸಿಕೊಂಡಿದ್ದ. ನಾಲ್ಕೂ ಕಡೆ ತೆರೆದ ಕಮಾನು, ಒಳಗೆ ಬಣ್ಣದ ಹೆಂಚು. ಸಂಜೆ ಅಲ್ಲಿಗೂ ಹೋದೆವು. ಸುತ್ತ ಈಗ ಉದ್ಯಾನ. ಗೋರಿ ನೋಡುವವರಿಗಿಂತ ವಾಕಿಂಗ್ ಬಂದವರೇ ಜಾಸ್ತಿ ಇದ್ದರು.